ಬಿಸಿಲಿಗಿಟ್ಟ ಗಾಜು

ಬಾಳೂರಿನ ಕಾಫಿ ಎಸ್ಟೇಟಿನ ಕೂಲಿಯಾಳುಗಳ ಲೈನ್‌ಮನೆಯಿಂದ ಎಂ.ಟೆಕ್‌ವರೆಗೆ ಓದಿ ಬಂದ ಮೋನಿಕಾ ಹೆದರುತ್ತಿದ್ದದ್ದು ಒಂದೇ ಪ್ರಶ್ನೆಗೆ: ಮನೆ ಎಲ್ಲಿ? ಯಾರು ಕೇಳಿದರೂ ‘ಮೂಡಿಗೆರೆ ಹತ್ತಿರ’ ಎಂದು ಮಾತು ತೇಲಿಸುತ್ತಿದ್ದಳು. ಚಿಕ್ಕಮಗಳೂರಿನ ಆ ಕಾಲೇಜಿನಲ್ಲಿ ನಿಜ ಗೊತ್ತಿದ್ದವಳು ಸಹಪಾಠಿ ರಕ್ಷಾ ಒಬ್ಬಳೇ. ಆ ಎಸ್ಟೇಟ್ ರಕ್ಷಾಳ ಅಪ್ಪನದು. ಅವಳು ಯಾರೆದುರೂ ಬಾಯಿ ಬಿಟ್ಟವಳಲ್ಲ. ಹೀಗೆ ದೊಡ್ಡತನ ತೋರಿಸುವವರನ್ನು ಕಂಡರೆ ಯಾರಿಗಾದರೂ ಮುಜುಗರವೇ, ಮೋನಿಕಾಳಿಗೂ ಆಗುತ್ತಿತ್ತು.

ಇಬ್ಬರದೂ ಒಂದೇ ಪ್ರಾಜೆಕ್ಟ್. ಅಂಟಾದ ದ್ರವದ ಹನಿಯೊಳಗೆ ಲೇಸರ್ ಹಾಯಿಸಿದರೆ, ಬೆಳಕು ಕೂಡಿದ ಕಡೆ ಮಾತ್ರ ಅದು ಪ್ಲಾಸ್ಟಿಕ್ಕಾಗಿ ಗಟ್ಟಿಯಾಗುತ್ತದೆ. ಉಳಿದದ್ದನ್ನು ತೊಳೆದರೆ ಗಾಜಿನ ಚೂರಿನ ಮೇಲೆ ಕೂದಲಿಗಿಂತ ಸಣ್ಣ ಗೋಪುರ ನಿಂತಿರುತ್ತದೆ, ಒಳಗೆಲ್ಲ ಜಾಲರಿ. ಅದನ್ನು ವಜ್ರದ ಮೊನೆಯಿಂದ ಒತ್ತಿ ಎಷ್ಟು ಭಾರ ತಾಳುತ್ತದೆಂದು ನೋಡಬೇಕು. ಕೆಲಸ ಇಷ್ಟೇ, ಆದರೆ ಇಷ್ಟಕ್ಕೇ ಜೀವ ಹೈರಾಣಾಗುತ್ತದೆ.

ರಕ್ಷಾಳ ಗೋಪುರಗಳು ಒತ್ತಿದೊಡನೆ ಕುಸಿಯುತ್ತಿದ್ದವು. ಮೋನಿಕಾಳವು ಜಪ್ಪಯ್ಯ ಅಂದರೂ ಬಗ್ಗುತ್ತಿರಲಿಲ್ಲ.

ಮೋನಿಕಾಳ ತಾಯಿ ಯಲ್ಲಮ್ಮ ಎಸ್ಟೇಟಿನ ಕಣದಲ್ಲಿ ಕಾಫಿ ಒಣಗಿಸುವವಳು. ಬಿಸಿಲು ಕಂಡರೆ ಆ ಮನೆಯಲ್ಲಿ ಒದ್ದೆಯಾದದ್ದು ಯಾವುದೂ ಒಳಗೆ ಉಳಿಯುವಂತಿಲ್ಲ. ಅದೇ ಅಭ್ಯಾಸದಿಂದ ಮೋನಿಕಾ ತೊಳೆದ ಗಾಜನ್ನು ವರಾಂಡದ ಬಿಸಿಲಿಗೆ ಇಡುತ್ತಿದ್ದಳು, ಆಗಾಗ ತಿರುಗಿಸುತ್ತಿದ್ದಳು. ಒಂದು ವಾರ ಮೋಡ ಕವಿದು ಅವಳ ಗೋಪುರಗಳೂ ಕುಸಿದಾಗ ಗುಟ್ಟು ತಿಳಿಯಿತು. ಲೇಸರ್ ಅರ್ಧಕ್ಕೆ ಬಿಟ್ಟ ಗಟ್ಟಿತನವನ್ನು ಬಿಸಿಲು ಪೂರ್ತಿ ಮಾಡುತ್ತಿತ್ತು.

ಅಂದೇ ಹೇಳಬಹುದಿತ್ತು. ಗೈಡ್ ಶಶಿಧರ್ ನೇರವಾಗಿ ಕೇಳಿಯೂ ಇದ್ದರು.

“ನಿಂದು ಹೇಗಮ್ಮ ನಿಲ್ತದೆ? ಬೇರೆ ಏನಾದ್ರೂ ಮಾಡಿದ್ಯಾ?”

ಕಾಫಿಯಂತೆ ಒಣಗಿಸಿದೆ ಎಂದರೆ ಇಡೀ ಲ್ಯಾಬು ನಗುತ್ತದೆ. ಆಮೇಲೆ ಯಾರ ಕಣ, ಅಲ್ಲಿ ನಿಮ್ಮಮ್ಮ ಏನು ಮಾಡ್ತಾರೆ ಎಂದೂ ಕೇಳುತ್ತದೆ.

“ಇಲ್ಲ ಸಾರ್, ನೀವು ಹೇಳಿದ ಹಾಗೇ ಮಾಡಿದ್ದು,” ಎಂದಳು.

ಶಶಿಧರ್ ರಕ್ಷಾಳ ಕಡೆ ತಿರುಗಿದರು. “ಹಾಗಾದ್ರೆ ನಿನ್ ಕೈಯಲ್ಲೇ ದೋಷ. ಶ್ರದ್ಧೆ ಇಲ್ದಿದ್ರೆ ಬಿಟ್ಬಿಡು ಮಾರಾಯ್ತಿ.”

ರಕ್ಷಾ ತಲೆ ತಗ್ಗಿಸಿದಳು. ತಪ್ಪು ಮಾಡಿದವಳೂ ಪಕ್ಕದಲ್ಲೇ ತಲೆ ತಗ್ಗಿಸಿ ನಿಂತಿದ್ದಳು, ಬಾಯಿ ಮಾತ್ರ ತೆರೆಯಲಿಲ್ಲ. ಕೆಲವೇ ದಿನದಲ್ಲಿ ರಕ್ಷಾ ಪ್ರಾಜೆಕ್ಟ್ ಬಿಟ್ಟು ಊರಿಗೆ ಹೋದಳು. ಅಂದರೆ ಅವಳ ಡಿಗ್ರಿಯೂ ಹೋದಂತೆಯೇ.

ಮೋನಿಕಾಳಿಗೆ ಕನ್ನಡಿ ನೋಡಿಕೊಳ್ಳಲೂ ನಾಚಿಕೆಯಾಯಿತು. ಕೊನೆಗೆ ಶಶಿಧರ್ ಬಳಿ ಎಲ್ಲ ಹೇಳಿ, ಬೈಸಿಕೊಂಡು, ಭಾನುವಾರ ಕೊಟ್ಟಿಗೆಹಾರದಲ್ಲಿ ಬಸ್ಸಿಳಿದು ಬಾಳೂರಿನ ಜೀಪು ಹತ್ತಿದಳು.

ರಕ್ಷಾ ಕಣದ ಅಂಚಿನಲ್ಲಿ ಕೂತಿದ್ದಳು. ಯಲ್ಲಮ್ಮ ಅಲ್ಲೇ ಒಣಗಲು ಹರಡಿದ ಕಾಫಿ ಎಳೆದು ತಿರುವುತ್ತಿದ್ದಳು. ಮಗಳನ್ನು ಕಂಡು ಅವಳ ಮುಖ ಅರಳಿತು. ಅಮ್ಮ ಸ್ವಲ್ಪ ಆಚೆ ಹೋಗಲಿ ಎಂದು ಮೋನಿಕಾ ಕಾದಳು. ಅಪರೂಪಕ್ಕೆ ಬಂದ ಮಗಳನ್ನು ಬಿಟ್ಟು ಅವಳೆಲ್ಲಿ ಹೋದಾಳು? ತಾಯಿಯೆದುರೇ ಹೇಳಬೇಕಾಯಿತು.

“ನಿನ್ ಕೈ ತಪ್ಪಲ್ಲ ರಕ್ಷಾ. ನಾನು ಬಿಸಿಲಿಗೆ ಇಡ್ತಿದ್ದೆ, ಇಲ್ಲಿ ಕಣದಲ್ಲಿ ಇಡೋ ಹಾಗೆ. ಹಾಗಂತ ಹೇಳೋಕೆ ನಾಚಿಕೆ ಆಯ್ತು. ಈಗ ಸಾರ್‌ಗೆ ಹೇಳಿದೀನಿ. ನಿಂಗೆ ವಾಪಸ್ ಬರೋಕೆ ಹೇಳಿದಾರೆ.”

ರಕ್ಷಾಳ ಕಣ್ಣಲ್ಲಿ ನೀರು ಬಂತು. “ಇಷ್ಟಕ್ಕೇ ನನ್ನನ್ನ ಹಾಗೆ ಬೈಸಿದ್ಯಾ? ಬರ್ತೀನಿ ನಾನು. ಆದ್ರೆ ನಿನ್ ಪಕ್ಕ ಕೂರೋದಿಲ್ಲ,” ಎಂದು ಎದ್ದು ಮನೆಗೆ ನಡೆದಳು.

ಯಲ್ಲಮ್ಮನಿಗೆ ಗೋಪುರ, ಲೇಸರ್ ಏನೂ ತಿಳಿಯದು. ಒಂದು ಮಾತು ಮಾತ್ರ ಸರಿಯಾಗಿ ಕೇಳಿಸಿತ್ತು.

“ಯಾವ್ದರ ಹೆಸ್ರು ಎತ್ತೋಕೆ ನಾಚಿಕೆ ಆಯ್ತು ಮಗಾ? ಈ ಕಣದ್ದಾ, ನಂದಾ?”

ಯಲ್ಲಮ್ಮ ಉತ್ತರಕ್ಕೆ ಕಾಯಲಿಲ್ಲ. “ಉಣ್ಕೊಂಡು ಹೋಗು,” ಎಂದು ಮುಖ ತಿರುಗಿಸಿ ಮತ್ತೆ ಕಾಫಿ ಎಳೆಯತೊಡಗಿದಳು.