ಜಡೆ ಹೊಲಿದವರು ಯಾರು?

ನಮ್ಮ ಸೀಮೆಯ ಮನೆಗಳಲ್ಲಿ ಸೂಜಿಗೆ ದಾರ ಪೋಣಿಸುವ ಕೆಲಸ ಗಂಡುಹುಡುಗರದು. ನೀವೂ ಇದನ್ನು ಗಮನಿಸಿರಬಹುದು. ಅಜ್ಜಿಯೋ ಚಿಕ್ಕಮ್ಮನೋ ಕಣ್ಣು ಕಿರಿದು ಮಾಡಿ, ದಾರದ ತುದಿಯನ್ನು ನಾಲಗೆಗೆ ತಾಗಿಸಿ ಚೂಪು ಮಾಡಿ, ಮೂರು ಸಲ ಸೋತು, ಕೊನೆಗೆ ಬೀದಿಯಲ್ಲಿ ಬುಗುರಿ ಆಡುತ್ತಿರುವ ಹುಡುಗನನ್ನು ಕೂಗುತ್ತಾಳೆ. ಅವನು ಬಂದು ಒಂದೇ ಸಲಕ್ಕೆ ಪೋಣಿಸಿಕೊಟ್ಟು, ತನ್ನ ಕಣ್ಣಿನ ಬಗ್ಗೆ ಎರಡು ಒಳ್ಳೆಯ ಮಾತು ಕೇಳಿಸಿಕೊಂಡು ಹೊರಡುತ್ತಾನೆ. ಅಲ್ಲಿಗೆ ಅವನ ಅಧಿಕಾರ ಮುಗಿಯಿತು. ಅದೇ ಹುಡುಗ ಸೂಜಿಯನ್ನು ಕೈಯಲ್ಲೇ ಇಟ್ಟುಕೊಂಡು ಬಟ್ಟೆಗೆ ಒಂದು ಹೊಲಿಗೆ ಹಾಕಿದನೆಂದರೆ, ಈಗ ತಾನೆ ಹೊಗಳಿದ ಬಾಯೇ 'ಅದ್ಯಾಕ್ಲಾ ಎಣ್ಣುಡ್ಗೀರಂಗೆ, ಇತ್ತ ಕೊಡು' ಎನ್ನುತ್ತದೆ. ಸೂಜಿಯ ಕಣ್ಣಿನವರೆಗೆ ಗಂಡಸಿನ ಸರಹದ್ದು, ಅಲ್ಲಿಂದಾಚೆ ಹೆಂಗಸಿನದು. ಈ ಗಡಿಗೆ ಕಲ್ಲು ನೆಟ್ಟ ಅಮಲ್ದಾರ ಯಾರೋ ನಾನು ತಿಳಿಯೆ.

ಮೈಸೂರಿನ ಕಾಲೇಜಿನಲ್ಲಿ ಎರಡು ವರ್ಷ ತರ್ಕಶಾಸ್ತ್ರ ಓದಿ, ಈಗ ಹುಣಸೂರಿನಲ್ಲಿ ಮೇಷ್ಟರಾಗಿರುವ ನನಗೆ ಈ ಗಡಿ ಬಹಳ ದಿನದಿಂದ ಕಾಟ ಕೊಡುತ್ತಿದೆ. ನಮ್ಮ ಪೇಟೆ ಬೀದಿಯಲ್ಲಿ ಹೊಲಿಗೆ ಯಂತ್ರ ತುಳಿಯುವವರೆಲ್ಲ ಮೀಸೆ ಹೊತ್ತ ಗಂಡಸರು. ದೇವಸ್ಥಾನಕ್ಕೆ ಹಾರ ಕಟ್ಟಿಕೊಡುವ ಹೂವಾಡಿಗನಿಗೆ ಹೆಂಡತಿಯೂ ಆರು ಮಕ್ಕಳೂ ಇದ್ದಾರೆ. ಅವರನ್ನು ನೋಡಿ ಯಾರೂ ನಗುವುದಿಲ್ಲ. ಅಂದರೆ ಅಂಗಡಿಯ ಹಲಗೆ ಹತ್ತಿದ ಸೂಜಿ ಗಂಡು, ಮನೆಯ ಜಗುಲಿಯಲ್ಲಿ ಕುಳಿತ ಸೂಜಿ ಹೆಣ್ಣು. ಹೊಟ್ಟೆಪಾಡಿಗೆ ಮಾಡಿದರೆ ಕಸುಬು, ಸಂತೋಷಕ್ಕೆ ಮಾಡಿದರೆ ಅವಮಾನ. ಈ ತರ್ಕವನ್ನು ನಾನು ಸಿಕ್ಕಸಿಕ್ಕವರ ಮುಂದೆ ಮಂಡಿಸಿದ್ದೇನೆ. ಕೇಳಿದವರು ತಲೆದೂಗಿ, ತಮ್ಮ ಮಗನ ಕೈಯಿಂದ ಸೂಜಿ ಕಿತ್ತುಕೊಳ್ಳಲು ಮನೆಗೆ ಹೋಗಿದ್ದಾರೆ.

ತರ್ಕಕ್ಕೆ ಬಲ ಬರಲೆಂದು ನಾನೊಂದು ಸ್ವಂತ ಅನುಭವವನ್ನೂ ಹೇಳುವುದುಂಟು. ರಾವಂದೂರಿನ ನಮ್ಮ ಮನೆಯ ಹಿತ್ತಲಲ್ಲಿ ಅಜ್ಜಿ ಕಾಕಡ ಹೂ ಬಿಡಿಸಿ ಮೊರದಲ್ಲಿ ಹಾಕಿಕೊಂಡು ಕೂರುತ್ತಿದ್ದಳು. ಸೋದರತ್ತೆಯ ಮಗ ಮರಿಯಣ್ಣನೂ ನಮ್ಮ ಮನೆಯಲ್ಲೇ ಬೆಳೆದವರು, ನನಗಿಂತ ಮೂರು ವರ್ಷ ದೊಡ್ಡವರು. ನಾವಿಬ್ಬರೂ ಅವಳ ಎರಡು ಪಕ್ಕದಲ್ಲಿ ಕುಳಿತು ಒದ್ದೆ ಮಾಡಿದ ಬಾಳೆನಾರಿನಲ್ಲಿ ಹೂ ಕಟ್ಟುವುದನ್ನು ಕಲಿತೆವು. ಒಂದು ದಿನ ಬೇಲಿಯಾಚೆಯಿಂದ ಯಾರೋ 'ಎಣ್ಣಿಗ' ಎಂದು ಕೂಗಿದರು. ನಾನು ನಾರನ್ನು ಎಸೆದು ಎದ್ದವನು ಮತ್ತೆಂದೂ ಹೂವಿನ ಹತ್ತಿರ ಹೋಗಲಿಲ್ಲ. ಕಥೆ ಇಷ್ಟೆ. ಕೂಗಿದವನ ಮುಖ ಮಾತ್ರ ನೆನಪಿಗೆ ಬರುವುದಿಲ್ಲ. ಒಂದು ದಿನ ಹೇಳುವಾಗ ಅವನು ದಢೂತಿ, ಇನ್ನೊಂದು ದಿನ ಸಣಕಲ. ಚರಿತ್ರೆಯನ್ನೂ ಅಷ್ಟಿಷ್ಟು ಓದಿದವನು ಇಂಥ ಸಾಕ್ಷ್ಯವನ್ನು ಅನುಮಾನಿಸಬೇಕಿತ್ತು. ಆದರೆ ನನ್ನ ಸಂಶಯಬುದ್ಧಿ ಹೆಚ್ಚಾಗಿ ಬೇರೆಯವರ ಮಾತಿನ ಮೇಲೆಯೇ ಕೆಲಸ ಮಾಡುತ್ತದೆ.

ಈ ಕಥೆಯ ಮುಖ್ಯ ಶ್ರೋತೃ ನನ್ನ ಮಗ ರಾಜು. ಹನ್ನೊಂದು ವರ್ಷ. ತಾಯಿ ಜಯಮ್ಮನಿಗೆ ದಾರ ಪೋಣಿಸಿಕೊಡಲು ಪಕ್ಕದಲ್ಲಿ ಕೂರುತ್ತಿದ್ದವನು ಯಾವಾಗಲೋ ಗಡಿ ದಾಟಿಬಿಟ್ಟಿದ್ದ. ಜಯಮ್ಮನ ಮೊಗ್ಗಿನ ಜಡೆಯೆಂದರೆ ಹುಣಸೂರಿನಿಂದ ಕೋಟೆ ತಾಲ್ಲೂಕಿನವರೆಗೆ ಹೆಸರು. ಮಗನ ಕೈ ಅವಳ ಕೈಯನ್ನೂ ಮೀರಿಸುವಂತಿತ್ತು. ಒಂದು ಗೌರಿ ಹಬ್ಬಕ್ಕೆ ಅವನು ಪಕ್ಕದ ಮನೆಯ ಹುಡುಗಿಗೆ ಜಡೆ ಹೊಲಿದುಕೊಟ್ಟದ್ದು ಸ್ಕೂಲಿಗೆ ಗೊತ್ತಾಯಿತು. ಆಮೇಲೆ ಎರಡು ವಾರ ಅವನಿಗೆ ರಾಜು ಎಂಬ ಹೆಸರೇ ಇರಲಿಲ್ಲ. ನಮ್ಮ ಕಡೆಯ ನಾಲಗೆ ಹಕಾರವನ್ನು ನುಂಗುವುದರಿಂದ ಹೆಣ್ಣಿಗನೆಂಬುದು 'ಎಣ್ಣಿಗ' ಆಗಿ, ಅದೇ ಅವನ ಹೆಸರಾಯಿತು. ಹುಡುಗ ಸೂಜಿಯನ್ನು ತಾಯಿಗೆ ಒಪ್ಪಿಸಿದ. ನನ್ನ ತರ್ಕವನ್ನೂ ರಾವಂದೂರಿನ ಕಥೆಯನ್ನೂ ಪೂರ್ತಿ ಕೇಳಿಸಿಕೊಂಡು, 'ನೀನೂ ಬುಟ್ಬುಟ್ಟೆ ಅಲ್ವಾ ಮತ್ತೆ' ಎಂದ.

ಹೀಗಿರುವಾಗ ಕೃಷ್ಣರಾಜನಗರದಿಂದ ಅಕ್ಕನ ಕಾಗದ ಬಂತು. ಮಗಳು ಸಾವಿತ್ರಿ ಐದು ತಿಂಗಳ ಬಸುರಿ, ಹೂ ಮುಡಿಸುವ ಶಾಸ್ತ್ರ ಇಟ್ಟುಕೊಂಡಿದ್ದೇವೆ, ಮೈಸೂರಿನಿಂದ ಫೋಟೋದವನು ಬರುತ್ತಾನೆ, ಜಯಮ್ಮ ಬಂದು ಮೊಗ್ಗಿನ ಜಡೆ ಹೊಲಿಯದಿದ್ದರೆ ಶಾಸ್ತ್ರವೇ ಇಲ್ಲ. ಕಾಗದ ಬಂದ ಮೂರನೆಯ ದಿನ ಜಯಮ್ಮನ ಬಲಗೈ ತೋರುಬೆರಳಿಗೆ ಉಗುರುಸುತ್ತಾಯಿತು. ಬೆರಳು ಬದನೆಕಾಯಿಯಂತಾಗಿ, ಅದರ ಮೇಲೆ ತೂತು ಕೊರೆದ ನಿಂಬೆಹಣ್ಣನ್ನು ಟೋಪಿಯಂತೆ ಸಿಕ್ಕಿಸಿಕೊಂಡು ಓಡಾಡತೊಡಗಿದಳು. ಆ ಬೆರಳಲ್ಲಿ ಸೂಜಿ ಹಿಡಿಯುವ ಮಾತೇ ಇರಲಿಲ್ಲ. ಅವಳು ರಾಜುವನ್ನು ಕೇಳಿದಳು. ಅವನು ಒಪ್ಪುವ ಮೊದಲೇ ಹೊರಡುವ ದಿನ ಬಂತು, ಮೂವರೂ ಬಸ್ಸು ಹತ್ತಿದೆವು.

ಯುದ್ಧದ ಕಾಲ, ಪೆಟ್ರೋಲಿಲ್ಲದೆ ಬಸ್ಸುಗಳು ಇದ್ದಿಲಿನ ಹೊಗೆಯ ಮೇಲೆ ಓಡುತ್ತಿದ್ದವು. ಓಡುತ್ತಿದ್ದವು ಎಂಬುದು ಉದಾರವಾದ ಮಾತು. ಒಂದು ಏರಿನಲ್ಲಿ ನಾವೆಲ್ಲ ಇಳಿದು ಬಸ್ಸಿನ ಹಿಂದೆ ನಡೆಯುತ್ತಿದ್ದಾಗ ರಾಜು ಪಕ್ಕಕ್ಕೆ ಬಂದ.

"ಅಪ್ಪಾ, ಒಲ್ದುಕೊಡ್ತೀನಿ. ಆದ್ರೆ ಯಾರು ಮಾಡಿದ್ದು ಅಂತ ಅಲ್ಲಿ ಕೇಳುದ್ರೆ ಏನಂತೀಯ?"

"ನನ್ನ ಮಗ ಅಂತೀನಿ."

"ಎಲ್ರ ಎದುರ್ಗೂ?"

"ಎಲ್ರ ಎದುರ್ಗೂ ಕಣೋ."

"ನೀನು ಯೋಳುದ್ರೆ ಮುಂದಕ್ಕೂ ಮಾಡ್ತೀನಿ. ಇಲ್ದಿದ್ರೆ ಇದೇ ಕಡೇದು."

ಹನ್ನೊಂದು ವರ್ಷದವನು ಇಷ್ಟು ಸ್ಪಷ್ಟವಾದ ಕರಾರು ಹಾಕಿದ್ದನ್ನು ಕಂಡು ನಾನು ಮನಸ್ಸಿನಲ್ಲೇ ಬೆನ್ನು ತಟ್ಟಿಕೊಂಡೆ; ನನ್ನ ಪಾಠದ ಫಲವೆಂದು.

ಹಳಬರು ಇನ್ನೂ ಎಡತೊರೆಯೆಂದೇ ಕರೆಯುವ ಆ ಹೊಸ ಊರಿನಲ್ಲಿ, ಅಕ್ಕನ ಮನೆಯ ಉಗ್ರಾಣದಲ್ಲಿ, ಶಾಸ್ತ್ರದ ದಿನ ಮಧ್ಯಾಹ್ನ ಅವನು ಕೆಲಸಕ್ಕೆ ಕುಳಿತ. ತಾಯಿ ಎಡಗೈಯಲ್ಲಿ ಮೊಗ್ಗು ಆರಿಸಿ ಕೊಡುತ್ತಿದ್ದಳು. ಎಲ್ಲ ಒಂದೇ ಉದ್ದ ಇರಬೇಕು, ಒಂದೂ ಬಾಯಿ ಬಿಟ್ಟಿರಬಾರದು. ಅವನು ಬಾಳೆಪಟ್ಟೆಯನ್ನು ಜಡೆಯ ಅಳತೆಗೆ ಕತ್ತರಿಸಿ, ಮೊಗ್ಗುಗಳನ್ನು ಸಾಲಾಗಿ ಓರೆಗೆ ಇಟ್ಟು ಹೊಲಿಯುತ್ತಾ, ಪ್ರತಿ ಸಾಲಿನ ತುದಿ ಹಿಂದಿನ ಸಾಲಿನ ತೊಟ್ಟನ್ನು ಮುಚ್ಚುವಂತೆ ಇಳಿದುಕೊಂಡು ಹೋದ. ನಡುವೆ ಕನಕಾಂಬರದ ಗೆರೆ, ಅಂಚಿಗೆ ಮರುಗ. ಮೂರು ಗಂಟೆಯ ಹೊತ್ತು ಅವನು ತಲೆ ಎತ್ತಲಿಲ್ಲ. ನಾನು ಕೈಯಲ್ಲೊಂದು ಪುಸ್ತಕ ಹಿಡಿದು ಬಾಗಿಲಿಗೆ ಅಡ್ಡವಾಗಿ ಕುಳಿತು, ಒಳಗೆ ಬರಲು ಹೊರಟವರನ್ನೆಲ್ಲ ಏನಾದರೊಂದು ಹೇಳಿ ಹಿಂದಕ್ಕೆ ಕಳಿಸಿದೆ. ಹುಡುಗನ ಏಕಾಗ್ರತೆ ಕೆಡಬಾರದೆಂದು ಹಾಗೆ ಮಾಡಿದೆನೆಂದು ಆಗ ನಂಬಿದ್ದೆ.

ಸಂಜೆ ಸಾವಿತ್ರಿಯನ್ನು ಹಸೆಯ ಮೇಲೆ ಕೂರಿಸಿದರು. ಫೋಟೋದವನು ಅವಳ ಹಿಂದೆ ನಿಲುವುಗನ್ನಡಿ ನಿಲ್ಲಿಸಿ, ಮುಖವೂ ಬೆನ್ನ ಮೇಲಿನ ಜಡೆಯೂ ಒಂದೇ ಚಿತ್ರದಲ್ಲಿ ಬರುವಂತೆ ಹೊಂದಿಸುತ್ತಿದ್ದ. ನೆರೆದ ಹೆಂಗಸರು ಹುಡುಗಿಯನ್ನು ಬಿಟ್ಟು ಕನ್ನಡಿಯನ್ನೇ ನೋಡುತ್ತಿದ್ದರು. ಗಂಡಸರು ಹಜಾರದಿಂದ ಇಣುಕಿದರು. ಆಗ ಅಕ್ಕ ತಟ್ಟೆ ಹಿಡಿದು ಬಂದಳು. ಜಡೆ ಹೊಲಿದವರಿಗೆ ಎಲೆಯಡಿಕೆ, ತೆಂಗಿನಕಾಯಿ, ಒಂದು ರವಿಕೆ ಕಣ ಕೊಡುವುದು ನಮ್ಮಲ್ಲಿ ಪದ್ಧತಿ.

"ಯಾರು ಒಲ್ದಿದ್ದು? ಮದ್ಯಾನ್ದಿಂದ ಬಾಗ್ಲಲ್ಲಿ ಕೂತು ಯಾರ್ನೂ ಬುಡ್ನಿಲ್ಲ ನೀನು. ಈಗ್ಲಾದ್ರೂ ಯೋಳು," ಎಂದು ನನ್ನನ್ನೇ ಕೇಳಿದಳು.

ಕಂಬದ ಪಕ್ಕದಲ್ಲಿ ರಾಜು ನಿಂತಿದ್ದ. ಇಪ್ಪತ್ತು ಮೂವತ್ತು ಮುಖಗಳು ನನ್ನತ್ತ ತಿರುಗಿದವು. ಅವರಲ್ಲಿ ಹುಣಸೂರಿನವರೂ ಇದ್ದರು. ನನ್ನ ಬಾಯಿಂದ ಬಂದ ಮಾತು: "ಇನ್ಯಾರಕ್ಕ, ನಮ್ ಜಯಮ್ಮನೇ."

ಎಲ್ಲರೂ ಜಯಮ್ಮನ ಕಡೆ ನೋಡಿದರು. ಅವಳು ಬಲಗೈ ತೋರುಬೆರಳನ್ನು ಮೇಲೆತ್ತಿ ನಿಂತಿದ್ದಳು, ನೋವಿಗೆ ಹಾಗೆಯೇ ಹಿಡಿದುಕೊಳ್ಳಬೇಕಾಗಿತ್ತು. ಅದರ ತುದಿಯಲ್ಲಿ ದುಂಡಗೆ, ಹಳದಿಯಾಗಿ, ನಿಂಬೆಹಣ್ಣು.

ನಗು ಎದ್ದಿತು. ಹೆಂಗಸೊಬ್ಬಳು, "ನಿಂಬೆಅಣ್ಣಲ್ಲಿ ಒಲ್ಯೋ ಇದ್ಯೆ ನಮ್ಗೂ ಕಲ್ಸು ತಾಯಿ" ಎಂದಳು. ರಾಜು ನಗಲಿಲ್ಲ. ಅವನು ನನ್ನನ್ನು ನೋಡಿ, ನೆಲ ನೋಡಿದ. ಆಮೇಲೆ ಸತ್ಯ ಹೇಳಿದವರು ಯಾರೆಂಬುದರಲ್ಲಿ ನಮ್ಮ ಮನೆಯಲ್ಲಿ ಎರಡು ಪಾಠಾಂತರಗಳಿವೆ. ತಕ್ಷಣ ತಿದ್ದಿಕೊಂಡು ನಾನೇ ಹೇಳಿದೆನೆಂದು ನನ್ನ ನೆನಪು. ನಾನು ಜಂತೆ ಎಣಿಸುತ್ತಾ ನಿಂತಿದ್ದೆ, ಹೇಳಿದವಳು ತಾನೆಂದು ಜಯಮ್ಮ. ಅವಳ ಪಾಠವೇ ಮೂಲಕ್ಕೆ ಹತ್ತಿರವೆಂದು ನಿಮ್ಮಂತೆ ನನಗೂ ಅನ್ನಿಸುತ್ತದೆ.

ಆಗ ಎದ್ದು ಬಂದವರು ಅಕ್ಕನ ಗಂಡ, ಅಂದರೆ ಅದೇ ಮರಿಯಣ್ಣ. ಈಗ ಗಿರಿಜಾಮೀಸೆಯ, ಆರಡಿ ಎತ್ತರದ ಭಾವ. ಬಗ್ಗಿ ಜಡೆಯನ್ನು ಮೇಲಿನಿಂದ ಕೆಳಗೆ ನೋಡಿ, ಒಂದು ಸಾಲನ್ನು ಬೆರಳ ತುದಿಯಿಂದ ಮುಟ್ಟಿ, ರಾಜುವಿಗೆ ಹೇಳಿದರು: "ಇದಕ್ಕೆ ಎಣೆ ಇಲ್ಲ ಕಣ್ಲಾ ಮಗ."

ನಾನು ಗೆದ್ದವರ ಕಡೆ ಸೇರಿಕೊಳ್ಳಲು ಆತುರಪಟ್ಟು, "ನನ್ನೂ ಹೀಗೇ ಅಜ್ಜಿ ಪಕ್ಕದಲ್ಲಿ ಕೂತಿದ್ದಾಗ ಯಾರೋ ಎಣ್ಣಿಗ ಅಂದಿದ್ದರಲ್ಲ ಭಾವ..." ಎಂದು ಶುರುಮಾಡಿದೆ.

"ನಿನ್ನ ಯಾರು ಅಂದಿದ್ರಯ್ಯಾ? ನಿಂಗೆ ಊವು ಕಟ್ಟಕ್ಕೇ ಬತ್ತಿರ್ನಿಲ್ಲ, ನಾರೆಲ್ಲ ಸಿಕ್ಕು ಮಾಡೀಯೆ ಅಂತ ಅಜ್ಜಿ ಎಬ್ಬಿಸಿ ಕಳ್ಸುದ್ಲು. ಆ ಸಿಟ್ಟಿಗೆ ಬೇಲಿ ಆಚೆ ನಿಂತ್ಕಂಡು ನೀನೇ ನನ್ನ ಅಂಗಂದಿದ್ದು. ಅವತ್ತು ಬುಟ್ಟೋನು ನಾನು ಮತ್ತೆ ಮುಟ್ನಿಲ್ಲ."

ಅವರು ನಗುತ್ತಲೇ ಹೇಳಿದರು, ಸುತ್ತಲಿನವರೂ ನಕ್ಕರು. ಆದರೆ ಅವರ ಬೆರಳು ಇನ್ನೂ ಆ ಮೊಗ್ಗಿನ ಸಾಲಿನ ಮೇಲೇ ಇತ್ತು. ಬೇಲಿಯಾಚೆಯ ಆ ಹುಡುಗ ಏಕೆ ಒಂದು ದಿನ ದಪ್ಪಗೆ ಇನ್ನೊಂದು ದಿನ ತೆಳ್ಳಗೆ ಕಾಣುತ್ತಿದ್ದನೆಂದು ಆಗ ಗೊತ್ತಾಯಿತು. ತನ್ನ ಮುಖವನ್ನು ತಾನು ಕಂಡವರು ಯಾರು? ಭಾವ ಆಡಿದ 'ಎಣೆ' ಪುಸ್ತಕದ ಭಾಷೆಯಲ್ಲಿ ಸಾಟಿ, ನಮ್ಮವರ ನಾಲಗೆಯಲ್ಲಿ ಅದೇ ಹೆಣೆಯುವುದೂ ಹೌದು. ಇಪ್ಪತ್ತೈದು ವರ್ಷದ ಹಿಂದೆ ನಾನು ಕೂಗಿದ್ದು ಹೆಣ್ಣಿಗನಲ್ಲ, ಹೆಣೆಯುವವನೆಂಬ ಅರ್ಥದಲ್ಲಿ ಎಂದು ವಾದಿಸಲು ವ್ಯಾಕರಣ ಅವಕಾಶ ಕೊಡುತ್ತದೆ. ಮಗ ಎದುರಿಗಿದ್ದುದರಿಂದ ವ್ಯಾಕರಣವನ್ನು ಕರೆಯಲಿಲ್ಲ.

ಅಕ್ಕನಿಗೆ ತಟ್ಟೆಯದೇ ಚಿಂತೆ. "ಗಂಡುಡ್ಗನ್ಗೆ ರವಿಕೆ ಕಣ ಕೊಡಕ್ಕಾಯ್ತದಾ? ಒಂದು ಪಂಚೆ ತತ್ತೀನಿ ತಾಳು," ಎಂದು ಒಳಗೆ ಹೊರಟಳು.

"ಬ್ಯಾಡತ್ತೆ," ಎಂದ ರಾಜು. "ಜಡೆ ಒಲ್ದೋರ್ಗೆ ಕಣ ತಾನೆ ಕೊಡದು? ನಂಗೂ ಅದ್ನೇ ಕೊಡು."

ಒಳಗೆ ಹೊರಟಿದ್ದವಳು ಹಿಂದಕ್ಕೆ ಬಂದಳು. ಅಕ್ಕ ತಟ್ಟೆಯನ್ನು ಅವನ ಕೈಗೆ ಕೊಟ್ಟಳು. ಅವನು ಎರಡು ಕೈಯಲ್ಲೂ ಹಿಡಿದು, ಹೆಂಗಸರು ಮಾಡುವಂತೆಯೇ ಕಣ್ಣಿಗೊತ್ತಿಕೊಂಡ. ನನ್ನ ಎದೆ ಆ ಹೊತ್ತು ಉಬ್ಬಿದಷ್ಟು ಬಿ.ಎ. ಪದವಿಯ ದಿನವೂ ಉಬ್ಬಿರಲಿಲ್ಲ. ಉಬ್ಬಲು ನನಗೆ ಯಾವ ಹಕ್ಕೂ ಇರಲಿಲ್ಲವೆಂಬುದು ಬೇರೆ ಮಾತು. ಬಸ್ಸಿನ ಹಿಂದೆ ಆಡಿದ ಮಾತನ್ನು ನಾನು ಉಳಿಸಿಕೊಂಡಿರಲಿಲ್ಲ. ಆದ್ದರಿಂದ ಅದು ಅವನ ಕಡೆಯ ಜಡೆಯೋ ಅಲ್ಲವೋ ಎಂದು ಕೇಳುವ ಧೈರ್ಯ ವಾಪಸು ಬರುವಾಗ ಆಗಲಿಲ್ಲ.

ಹುಣಸೂರಿಗೆ ಬರುವಷ್ಟರಲ್ಲಿ ಜಯಮ್ಮನ ಬೆರಳಿನಿಂದ ನಿಂಬೆಹಣ್ಣು ಇಳಿದಿತ್ತು, ಆದರೆ ಎರಡು ದಿನ ರಾಜು ಸೂಜಿಯ ಹತ್ತಿರ ಸುಳಿಯಲಿಲ್ಲ. ಮೂರನೆಯ ದಿನ ಪಡಸಾಲೆಯಲ್ಲಿ ಆ ಕಣವನ್ನು ಹರಡಿಕೊಂಡು ಕುಳಿತಿದ್ದ. ಗಿಣಿಹಸಿರು ಬಣ್ಣ, ಕೆಂಪು ಅಂಚು. ನಾನು ಏನೂ ಕೇಳದೆ, ನನ್ನ ಜೀವಮಾನದಲ್ಲಿ ಮೊದಲ ಸಲವೋ ಏನೋ, ಉಪನ್ಯಾಸ ಮಾಡದೆ ದಾಟಿಹೋದೆ. ಸೋಮವಾರ ಬೆಳಗ್ಗೆ ಅದು ಪುಸ್ತಕದ ಚೀಲವಾಗಿ ಅವನ ಹೆಗಲ ಮೇಲಿತ್ತು, ಅಂಚು ಹೊರಮುಖವಾಗಿ, ಕೆಳಗೆ ಒಂದು ಕುಚ್ಚು. ಇಡೀ ಪೇಟೆ ಬೀದಿಗೆ ಕಾಣುವಂಥ ಹಸಿರು. ಬಸ್ ಸ್ಟ್ಯಾಂಡಿನ ಹತ್ತಿರ ನಿಂತಿದ್ದ ಹುಡುಗರು ಅವನನ್ನು ಕಂಡು ಏನೋ ಪಿಸುಗುಟ್ಟಿಕೊಂಡರು. ಅವನು ನಡೆಯುತ್ತಲೇ ಇದ್ದ, ನಾಲ್ಕು ಮಾರು ಹಿಂದೆ ನಾನು.

ನಮ್ಮ ಗಣಿತದ ಮೇಷ್ಟರು ಎದುರಾದರು. "ಚೀಲ ಬಹಳ ಚೆನ್ನಾಗಿದೆಯಲ್ಲ, ಮನೆಯವರ ಕೈಕೆಲಸವೋ?" ಎಂದು ನನ್ನನ್ನು ಕೇಳಿದರು. ಹುಡುಗರು ಕೇಳಿಸಿಕೊಳ್ಳುತ್ತಿದ್ದರು.

"ಅಲ್ಲ ಸ್ವಾಮಿ," ಎಂದೆ, ಬೇಕಾದ್ದಕ್ಕಿಂತ ಸ್ವಲ್ಪ ಗಟ್ಟಿಯಾಗಿಯೇ. "ಅಳತೆ, ಹೊಲಿಗೆ, ಅಂಚು, ಕುಚ್ಚು, ಎಲ್ಲಾ ನನ್ನ ಮಗನದೇ."

ರಾಜು ನಿಂತ. ಹಿಂದಕ್ಕೆ ತಿರುಗಿ, ಚೀಲವನ್ನು ಮುಂದಕ್ಕೆ ಎಳೆದು ಅವರಿಗೆ ತೋರಿಸುತ್ತಾ ತಿದ್ದಿದ:

"ಕುಚ್ಚು ಅವ್ವ ಕಟ್ಟಿದ್ದು ಸಾ. ಅದೊಂದು ನಂಗಿನ್ನೂ ಬರಲ್ಲ, ಈ ವಾರ ಕಲೀತೀನಿ."