ಮಾಸ್ತರರ ಷರಾ, ಗುರುಲಿಂಗನ ಹುಡುಕುಪೆಟ್ಟಿಗೆ

ಕೈಗೆ ಸಿಕ್ಕ ಯಾವ ವಸ್ತುವಿಗೂ ಇನ್ನೊಂದನ್ನು ಜೋಡಿಸದೆ ಗುರುಲಿಂಗನಿಗೆ ಸಮಾಧಾನವಿರಲಿಲ್ಲ. ಹೈಸ್ಕೂಲಿಗೆ ಹೋಗುವಾಗ ಅಪ್ಪ ಕೊಡಿಸಿದ ಸೈಕಲ್ಲಿಗೆ ಎರಡು ಕನ್ನಡಿ, ಮೂರು ಬಗೆಯ ಗಂಟೆ, ಬಣ್ಣದ ಗೊಂಡೆ, ಡೈನಮೋ, ಹಿಂದೊಂದು ಕೆಂಪು ದೀಪ ಎಲ್ಲವನ್ನೂ ಕಟ್ಟಿದ. ಕೊನೆಗೆ ಏರು ಬಂದಲ್ಲಿ ಅದನ್ನು ತುಳಿಯಲಾಗದೆ ದೂಡಿಕೊಂಡು ಹೋಗುತ್ತಿದ್ದ. ಅವ್ವ ಸಂಗಮ್ಮ ಉಪ್ಪಿಟ್ಟು ಮಾಡಿಟ್ಟು ಹಿತ್ತಲಿಗೆ ಹೋದರೆ, ಆಕೆ ತಿರುಗಿ ಬರುವಷ್ಟರಲ್ಲಿ ಅದಕ್ಕೂ ಏನಾದರೊಂದು ಬಿದ್ದಿರುತ್ತಿತ್ತು. ಇಂಥವನ ಕೈಗೆ ಕಂಪ್ಯೂಟರು ಸಿಕ್ಕಿತು. ಆಮೇಲೆ ಕೇಳಬೇಕೆ?

ಗುಲ್ಬರ್ಗಾದಲ್ಲಿ ಎರಡು ವರ್ಷ ಕೋರ್ಸು ಮುಗಿಸಿ ಬಂದವನು ಬಸವಕಲ್ಯಾಣದ ಬಸ್ ನಿಲ್ದಾಣದ ಎದುರಿಗೆ ಒಂದು ಕಂಪ್ಯೂಟರ್ ಸೆಂಟರ್ ತೆಗೆದ. ಝೆರಾಕ್ಸು, ಅರ್ಜಿ, ಪರೀಕ್ಷೆಯ ರಿಸಲ್ಟು ಇವೇ ಅವನ ದಿನದ ಕೆಲಸ. ಮನಸ್ಸು ಮಾತ್ರ ವೆಬ್‌ಸೈಟಿನಲ್ಲಿ. ಊರಿನಲ್ಲಿ ವೆಬ್‌ಸೈಟು ಬೇಕೆನ್ನುವವರು ಯಾರೂ ಇರಲಿಲ್ಲ. ಆದ್ದರಿಂದ ಬೇಕೆನ್ನದವರೊಬ್ಬರನ್ನು ಅವನೇ ಹುಡುಕಿ ಹಿಡಿದ. ಅವರು ಹುಮನಾಬಾದಿನ ಮಹಾರುದ್ರಪ್ಪ ಮಾಸ್ತರರು.

ಮಾಸ್ತರರು ನಿವೃತ್ತ ಹೆಡ್‌ಮಾಸ್ತರರು. ಇಪ್ಪತ್ತೆರಡು ವರ್ಷದಿಂದ ಸುತ್ತಲಿನ ಊರುಗಳ ವಧುವರರನ್ನು ಹೊಂದಿಸುತ್ತ ಬಂದವರು. ಯಾರಿಂದಲೂ ಒಂದು ತೆಂಗಿನಕಾಯಿಗಿಂತ ಹೆಚ್ಚು ತೆಗೆದುಕೊಂಡವರಲ್ಲ. ಅವರ ಹತ್ತಿರ ಕೆಂಪು ರಟ್ಟಿನ ಒಂದು ದೊಡ್ಡ ಪುಸ್ತಕವಿತ್ತು. ಅದರಲ್ಲಿ ಹೆಸರು, ಊರು, ಓದು, ಉದ್ಯೋಗ ಎಂದು ಅಂಕಣಗಳು. ಕೊನೆಯ ಅಂಕಣ, ಸರಕಾರಿ ಕಡತಗಳಲ್ಲಿ ಇರುವ ಹಾಗೆ, ಷರಾ. ಯಾರ ಮುಂದೆಯೂ ಬಾಯಿಬಿಟ್ಟು ಹೇಳಲಾಗದ್ದನ್ನು ಮಾಸ್ತರರು ಅಲ್ಲಿ ಬರೆದಿಡುತ್ತಿದ್ದರು. ‘ಹುಡುಗ ಸಂಭಾವಿತ. ಅಣ್ಣ ಕುಡಿಯುತ್ತಾನೆ.’ ‘ಮನೆತನ ದೊಡ್ಡದು. ಸೊಸೆಗೆ ಅಡಿಗೆಮನೆಯ ಅಧಿಕಾರ ಸಿಗಲಾರದು.’ ‘ಹುಡುಗಿ ಎದುರು ಮಾತಾಡುವಳು, ಮಾತಾಡಲಿ.’ ಈ ಅಂಕಣವನ್ನು ಅವರ ಹೊರತು ಇನ್ನೊಬ್ಬರು ಓದಿದ್ದಿಲ್ಲ. ಬಂದವರಿಗೆ ಪುಸ್ತಕ ತೋರಿಸುವಾಗ ಷರಾದ ಮೇಲೆ ಅಡ್ಡಲಾಗಿ ಒಂದು ಫೂಟುಪಟ್ಟಿ ಇಟ್ಟುಕೊಳ್ಳುತ್ತಿದ್ದರು.

ಎರಡು ಸಾವಿರದ ಏಳರಲ್ಲಿ ಗುರುಲಿಂಗ ಆ ಪುಸ್ತಕವನ್ನು ಕಂಪ್ಯೂಟರಿಗೆ ಏರಿಸಿದ. ನಾಲ್ಕುನೂರಾ ಹನ್ನೆರಡು ಜನ, ಒಬ್ಬೊಬ್ಬರಿಗೆ ಒಂದೊಂದು ಪುಟ. ಷರಾ ಏನು ಮಾಡುವುದು ಎಂಬ ಪ್ರಶ್ನೆ ಬಂತು. ಗುಟ್ಟಿನ ಪಾಸ್‌ವರ್ಡ್ ಇಡೋಣವೆಂದರೆ ಮಾಸ್ತರರು ಒಪ್ಪಲಿಲ್ಲ.

“ನನ್ನ ಬುಕ್ಕ ನಾ ಓದಾಕ ಯಾರ ಅಪ್ಪಣಿ ಕೇಳಬೇಕೋ? ಅದನ್ನ ನೆನಪಿಡೋದು ನನ್ನ ಕೈಲೆ ಆಗಂಗಿಲ್ಲ.”

ಆಗ ಗುರುಲಿಂಗ ಒಂದು ಉಪಾಯ ಮಾಡಿದ. ಅದು ಹೊಳೆದ ದಿನ ತನ್ನ ಬೆನ್ನನ್ನು ತಾನೇ ತಟ್ಟಿಕೊಂಡಿರಬೇಕು. ಷರಾಗಳನ್ನೆಲ್ಲ ಅವರವರ ಪುಟದ ಕೊನೆಯಲ್ಲಿ, ಬಿಳಿಯ ಹಿನ್ನೆಲೆಯ ಮೇಲೆ ಬಿಳಿಯ ಅಕ್ಷರದಲ್ಲಿ ಹಾಕಿದ. ನೋಡಿದವರಿಗೆ ಅಲ್ಲಿ ಏನೂ ಇಲ್ಲ. ಮಾಸ್ತರರು ಮೌಸನ್ನು ಅದರ ಮೇಲೆ ಎಳೆದರೆ ಅಕ್ಷರಗಳು ಮೂಡುತ್ತಿದ್ದವು. ಮಾಸ್ತರರಿಗೆ ಇದು ಬಹಳ ಹಿಡಿಸಿತು.

ಷರಾಗಳನ್ನು ಟೈಪು ಮಾಡುವಾಗ ಅವನು ಒಂದಕ್ಷರ ಹೆಚ್ಚುಕಡಿಮೆ ಮಾಡಲಿಲ್ಲ, ಒಂದು ಕಡೆ ಬಿಟ್ಟು. ಇನ್ನೂರಾ ಆರನೆಯ ಹೆಸರು ಅವನದೇ ಆಗಿತ್ತು. ಸಂಗಮ್ಮ ಹೋಗಿ ಬರೆಸಿ ಬಂದಿದ್ದಳು. ಎದುರಿಗೆ ಮಾಸ್ತರರ ದುಂಡಗಿನ ಅಕ್ಷರದಲ್ಲಿ ಹೀಗಿತ್ತು: ‘ಹುಡುಗ ಒಳ್ಳೆಯವನು. ಇದ್ದದ್ದನ್ನು ಇದ್ದ ಹಾಗೆ ಬಿಡುವುದಿಲ್ಲ.’ ಗುರುಲಿಂಗನಿಗೆ ಬಹಳ ಬೇಸರವಾಯಿತು. ಅದನ್ನು ಬಿಟ್ಟು, ‘ಗುಣವಂತ, ವಿನಯಶೀಲ, ಮಿತಭಾಷಿ, ತಾಂತ್ರಿಕ ಕ್ಷೇತ್ರದಲ್ಲಿ ಅಪಾರ ಪರಿಣತಿ ಹೊಂದಿದ ಸುಸಂಸ್ಕೃತ ಯುವಕ’ ಎಂದು ಹೊಡೆದ. ಇದ್ದದ್ದನ್ನು ಇದ್ದ ಹಾಗೆ ಬಿಡುವುದಿಲ್ಲ ಎಂಬ ಮಾತನ್ನು ಸುಳ್ಳು ಮಾಡಲು ಅವನು ಆ ಮಾತನ್ನೇ ತಿದ್ದಿದ. ಇದರಲ್ಲಿರುವ ತಮಾಷೆ ಆಗ ಅವನಿಗೆ ತಿಳಿಯಲಿಲ್ಲ.

ಮುಂದಿನ ವರ್ಷವೆಲ್ಲ ಪ್ಲಗಿನ್ನುಗಳ ವರ್ಷ. ಎಲ್ಲಿಯೋ ಯಾರೋ ಮಾಡಿಟ್ಟ ಯಂತ್ರವನ್ನು ತಂದು ನಮ್ಮ ಸೈಟಿಗೆ ಅಂಟಿಸಿದರೆ ಅದೇ ಪ್ಲಗಿನ್. ಅವರು ಕೊಟ್ಟ ನಾಲ್ಕು ಸಾಲು ಕೋಡ್ ನಕಲು ಮಾಡಿದರೆ ಮುಗಿಯಿತು. ಹೀಗೆ ಪುಕ್ಕಟೆ ಸಿಗುತ್ತದೆಂದು ತಿಳಿದ ಮೇಲೆ ಗುರುಲಿಂಗನನ್ನು ಹಿಡಿಯುವವರು ಯಾರು? ಎಷ್ಟು ಜನ ಬಂದರೆಂದು ಎಣಿಸುವ ಅಂಕಿ, ತಿರುಗುವ ಗಡಿಯಾರ, ಕ್ರಿಕೆಟ್ ಸ್ಕೋರು, ಮೇಲಿನಿಂದ ಉದುರುವ ಗುಲಾಬಿ ಎಸಳು ಎಲ್ಲ ಬಂದವು. ಹವಾಮಾನ ಹೇಳುವ ಪೆಟ್ಟಿಗೆಯ ಪಟ್ಟಿಯಲ್ಲಿ ಬಸವಕಲ್ಯಾಣವೂ ಇರಲಿಲ್ಲ, ಹುಮನಾಬಾದೂ ಇರಲಿಲ್ಲ. ಅದಕ್ಕೆ ಎಡಗಡೆ ಪುಣೆಯ ಬಿಸಿಲು, ಬಲಗಡೆ ಹೈದರಾಬಾದಿನ ಬಿಸಿಲು ಹಾಕಿ, ನಡುವಿನದು ನಮ್ಮದೆಂದು ತಿಳಿದುಕೊಳ್ಳಬೇಕು ಎಂದು ಕೆಳಗೆ ಬರೆದ. ಮಾಸ್ತರರು ಕನ್ನಡಕ ಒರೆಸಿಕೊಂಡು ಎಷ್ಟೋ ಹೊತ್ತು ನೋಡಿದರು.

“ತಮ್ಮಾ, ಇದರಾಗ ವರಗಳು ಎಲ್ಲಿ ಅದಾರೋ?” ಎಂದರು.

ಇಷ್ಟರಲ್ಲಿ ಮಾಸ್ತರರೇ ಮುಂದಾಗಿ ಗುರುಲಿಂಗನಿಗೆ ಒಂದು ಸಂಬಂಧ ತಂದರು. ಹುಡುಗಿ ಕೊಡಂಬಲದ ಸ್ನೇಹಲ್. ಹುಮನಾಬಾದಿನ ಹೈಸ್ಕೂಲಿನಲ್ಲಿ ಗಣಿತ ಕಲಿಸುತ್ತಿದ್ದಳು. ಮಾಸ್ತರರ ಹಳೆಯ ವಿದ್ಯಾರ್ಥಿನಿ. ಹೆಣ್ಣು ನೋಡಲು ಹೋದಾಗ, ನೀವು ಏನು ಕೆಲಸ ಮಾಡುತ್ತೀರಿ ಎಂದು ಆಕೆ ಒಂದೇ ಪ್ರಶ್ನೆ ಕೇಳಿದಳು. ಮಿತಭಾಷಿ ಗುರುಲಿಂಗ ಅದಕ್ಕೆ ಇಪ್ಪತ್ತು ನಿಮಿಷ ಉತ್ತರ ಹೇಳಿದ. ಗುಲಾಬಿ ಎಸಳಿನ ಸಂಗತಿಗೆ ಬಂದಾಗ ಆಕೆ ತಲೆ ತಗ್ಗಿಸಿ ನಕ್ಕಳು. ಆ ನಗು ನೋಡಿ ಇವನು ಅಲ್ಲಿಯೇ ಸೋತ.

“ಆ ಸೈಟ್ ಸರ್ ಮನ್ಯಾಗ ನೋಡೀನ್ರಿ,” ಎಂದಳು ಸ್ನೇಹಲ್. “ಎಲ್ಲಾ ಅದ. ಆದ್ರ ಒಬ್ಬರನ್ನ ಹುಡುಕಬೇಕಂದ್ರ ಮ್ಯಾಲಿಂದ ಕೆಳಗ ನಾಕನೂರು ಹೆಸರು ನೋಡಬೇಕ್ರಿ. ನನ್ನ ಗೆಳತಿಗಿ ಮಾಸ್ತರಕಿ ಮಾಡೋ ವರ ಬೇಕಾಗ್ಯಾನ. ಹುಡುಕಿ ಹುಡುಕಿ ಬೆರಳು ನೊಂದ್ವು.”

ಆಕೆಯ ಮನೆಯವರು ಎಂಟು ದಿನ ಬಿಟ್ಟು ಹೇಳುತ್ತೇವೆ ಎಂದರು. ಎಂಟು ದಿನ ಸುಮ್ಮನೆ ಕೂಡ್ರುವ ಗಂಡಸು ಬೇರೆ. ಗುರುಲಿಂಗ ಊರಿಗೆ ಬಂದವನೇ ಊಟವನ್ನೂ ಮಾಡದೆ, ಆಕೆಗಾಗಿ ಒಂದು ಹುಡುಕುವ ಪೆಟ್ಟಿಗೆಯನ್ನು ತಲಾಶು ಮಾಡಿದ. ತಾನೇ ಬರೆಯಬಹುದಿತ್ತು, ವಾರ ಹಿಡಿಯುತ್ತಿತ್ತು. ಯಾವುದೋ ದೇಶದ ಒಂದು ಕಂಪನಿ ಇದನ್ನೂ ಪುಕ್ಕಟೆ ಕೊಡುತ್ತಿತ್ತು. ಸೈಟಿನ ವಿಳಾಸ ಕೊಟ್ಟರೆ ಅವರ ಯಂತ್ರ ಬಂದು ಎಲ್ಲ ಪುಟಗಳನ್ನೂ ಓದಿಕೊಂಡು, ತನ್ನಲ್ಲಿ ಒಂದು ನಕಲು ಇಟ್ಟುಕೊಂಡು, ಕೇಳಿದ್ದನ್ನು ಹುಡುಕಿ ಕೊಡುತ್ತಿತ್ತು. ಗುರುಲಿಂಗ ಮಾಸ್ತರರಿಗೆ ಫೋನ್ ಮಾಡಿ ಹೇಳಿದ.

“ಏನೇನು ಓದ್ತದೋ ಅದು?” ಎಂದು ಮಾಸ್ತರರು ಕೇಳಿದರು.

“ಎಲ್ಲಾ ಓದ್ತದ್ರಿ ಸರ್. ಒಂದಕ್ಷರ ಬಿಡಂಗಿಲ್ಲ,” ಎಂದ ಇವನು ಹೆಮ್ಮೆಯಿಂದ.

ಪೆಟ್ಟಿಗೆಯಲ್ಲಿ ‘ಶಿಕ್ಷಕ’ ಎಂದು ಹೊಡೆದು ನೋಡಿದ. ಹದಿನೇಳು ವರಗಳು ಸಿಕ್ಕವು. ಹದಿನೇಳು ಎಂಬ ಅಂಕಿ ನೋಡಿಯೇ ಅವನು ಕುಣಿದ. ಪ್ರತಿ ಹೆಸರಿನ ಕೆಳಗೆ ಸಣ್ಣಕ್ಷರದಲ್ಲಿ ಏನು ಬಂದಿದೆ ಎಂದು ಓದುವ ವ್ಯವಧಾನ ಅವನಿಗೆಲ್ಲಿ? ಯಂತ್ರಕ್ಕೆ ಬಣ್ಣ ತಿಳಿಯುವುದಿಲ್ಲ ಎಂಬುದು ಕೋರ್ಸು ಮಾಡಿದವನಿಗೆ ಹೊಳೆಯಬೇಕಿತ್ತು. ಬಿಳಿಯ ಮೇಲಿನ ಬಿಳಿಯನ್ನೂ ಅದು ಓದಿಕೊಂಡು, ಕಪ್ಪಕ್ಷರದಲ್ಲಿ ಲೋಕಕ್ಕೆಲ್ಲ ತೋರಿಸತೊಡಗಿತ್ತು.

ಮೂರನೆಯ ದಿನ ಮುಂಜಾನೆ ಮಾಸ್ತರರ ಫೋನು ಬಂತು. “ಬಾ,” ಎಂದಷ್ಟೇ ಹೇಳಿ ಇಟ್ಟರು. ಗುರುಲಿಂಗ ಸಿಕ್ಕ ಬಸ್ಸು ಹತ್ತಿ ಹುಮನಾಬಾದಿಗೆ ಹೋದ. ಮಾಸ್ತರರ ಪಡಸಾಲೆಯಲ್ಲಿ ಮುಡಬಿಯ ಬಸವಣಪ್ಪ ಕುಳಿತಿದ್ದ. ಅವನ ಅಳಿಯ ಯಾವುದೋ ಅಂಗಡಿಯಲ್ಲಿ ಕಂಪ್ಯೂಟರಿನಲ್ಲಿ ಮಾವನ ಹೆಸರು ಹೊಡೆದು ನೋಡಿದ್ದ. ಮಗನ ಪುಟದ ಷರಾ ಕಣ್ಣಿಗೆ ಬಿದ್ದಿತ್ತು: ‘ಹುಡುಗ ಬಂಗಾರ. ತಂದೆಯ ಮಾತು ಮುಗಿಯುವುದಿಲ್ಲ.’ ತಾನು ಅಂಥ ಮಾತುಗಾರನಲ್ಲ ಎಂದು ತಿಳಿಸಲು ಬಸವಣಪ್ಪ ಮೊದಲ ಬಸ್ಸಿಗೆ ಬಂದಿದ್ದ. ಹನ್ನೊಂದು ಗಂಟೆಯಾದರೂ ತಿಳಿಸುತ್ತಲೇ ಇದ್ದ. ಮಾಸ್ತರರು ಎರಡು ಸಲ ಚಹ ಕುಡಿಸಿದರು. ಅವನ ಮಾತು ಚಹದ ನಡುವೆಯೂ ನಡೆದಿತ್ತು.

ಆಮೇಲೆ ಇನ್ನೂ ಏಳೆಂಟು ಜನ ಬಂದರು. ಷರಾ ಓದಿ ಸಿಟ್ಟಾಗಿ ಬಂದವರು ಅರ್ಧ. ಉಳಿದ ಅರ್ಧದ ಸಿಟ್ಟು ಇನ್ನೂ ಜೋರು. ಅವರ ಮಕ್ಕಳ ಹೆಸರಿನ ಎದುರಿಗೆ ಮಾಸ್ತರರು ಏನೂ ಬರೆದಿರಲಿಲ್ಲ. ತುಳಜಾಬಾಯಿ ಎಂಬಾಕೆ ಕೈ ತಿರುವಿ ಕೇಳಿದಳು:

“ಅಲ್ರಿ ಮಾಸ್ತರ, ಆ ಕುಡುಕನ ತಮ್ಮಗ ಎರಡು ಮಾತು ಬರದೀರಿ. ನನ್ನ ಮಗ ಒಂದು ಮಾತಿಗೂ ಲಾಯಖ ಇಲ್ಲೇನ್ರಿ?”

ಎಲ್ಲರೂ ಹೋದ ಮೇಲೆ ಮಾಸ್ತರರು ಕೆಂಪು ಪುಸ್ತಕವನ್ನು ತೊಡೆಯ ಮೇಲಿಟ್ಟುಕೊಂಡು ಕುಳಿತರು. ಗುರುಲಿಂಗ ಮಾಸ್ತರರ ಕಂಪ್ಯೂಟರಿನಿಂದಲೇ ಆ ಪೆಟ್ಟಿಗೆಯನ್ನು ಕಿತ್ತು ಹಾಕಿದ್ದಾಗಿ ಹೇಳಿದ. ಕಂಪನಿಯಲ್ಲಿರುವ ನಕಲು ಹೋಗಲು ಇನ್ನೂ ಕೆಲವು ದಿನ ಬೇಕೆಂದ. ಅಳಿಸಿರೆಂದು ಅವರಿಗೆ ಇಮೇಲ್ ಬರೆದಿದ್ದ. ನಮ್ಮ ಸೇವೆ ಬಳಸಿದ್ದಕ್ಕೆ ಧನ್ಯವಾದ ಎಂದು ಅಲ್ಲಿಂದ ಉತ್ತರ ಬಂದಿತ್ತು.

“ನಿನಗ ಬಯ್ಯಂಗಿಲ್ಲೋ ತಮ್ಮಾ,” ಎಂದರು ಮಾಸ್ತರರು. “ಯಾರ ಮಗಳನ್ನೂ ಗೊತ್ತಿದ್ದೂ ಗೊತ್ತಿದ್ದೂ ಹಾಳಬಾವ್ಯಾಗ ತಳ್ಳಬಾರದು ಅಂತ ಬರಕೊಂಡಿದ್ದೆ. ಇನ್ನ ಮ್ಯಾಲೆ ನನ್ನ ಮುಂದ ಯಾರು ಖರೆ ಹೇಳ್ತಾರ?”

ಗುರುಲಿಂಗನಿಗೆ ಅಳು ಬಂತು, ಬಹಳ ನಾಚಿಕೆಯೂ ಆಯಿತು. ಆದರೂ, ನಿಜ ಹೇಳಬೇಕೆಂದರೆ, ಅವನ ಮನಸ್ಸಿನ ಮುಕ್ಕಾಲು ಭಾಗ ಇನ್ನೂರಾ ಆರನೆಯ ಪುಟದಲ್ಲಿತ್ತು. ಸ್ನೇಹಲ್ ತನ್ನ ಹೆಸರನ್ನು ಹುಡುಕಿರಬಹುದೇ? ಹುಡುಕಿದ್ದರೆ ಅವಳು ಏನು ಹೇಳಿಯಾಳು? ಎಂಟು ದಿನದಲ್ಲಿ ಇನ್ನು ಐದು ಉಳಿದಿದ್ದವು. ಆಕೆ ಬೇಡವೆಂದರೆ ತಾನು ಮತ್ತೆ ಯಾರನ್ನೂ ನೋಡಲು ಹೋಗುವುದಿಲ್ಲ ಎಂದು ಅವನು ಆಗಲೇ ನಿಶ್ಚಯಿಸಿಬಿಟ್ಟಿದ್ದ.

ಉತ್ತರಕ್ಕೆ ಐದು ದಿನ ಕಾಯಬೇಕಾಗಲಿಲ್ಲ. ಅಂದು ಸಂಜೆ ಶಾಲೆ ಬಿಟ್ಟ ಮೇಲೆ ಸ್ನೇಹಲ್ ಅಲ್ಲಿಗೇ ಬಂದಳು. ಕೈಯಲ್ಲಿ ಪ್ರಿಂಟು ತೆಗೆಸಿದ ಒಂದು ಹಾಳೆ. ಗುರುಲಿಂಗನನ್ನು ನೋಡಿ ಒಂದು ಕ್ಷಣ ತಡೆದು, ಮಾಸ್ತರರ ಎದುರು ಕುಳಿತಳು.

“ಸರ್, ನಿಮ್ಮ ಕೈಯ್ಯಾಗ ನಾಕು ವರ್ಷ ಕಲ್ತೀನಿ. ನೀವು ಯಾರ ಪ್ರಗತಿಪತ್ರದಾಗೂ ಆರು ಶಬ್ದಕ್ಕಿಂತ ಹೆಚ್ಚಿಗಿ ಬರದವರಲ್ಲ. ಇದು ನೀವು ಬರದದ್ದೇನ್ರಿ?” ಎಂದು ಹಾಳೆಯನ್ನು ಓದಿದಳು: “ಗುಣವಂತ, ವಿನಯಶೀಲ, ಮಿತಭಾಷಿ…”

ಮಿತಭಾಷಿ ಎಂಬಲ್ಲಿಗೆ ಬಂದಾಗ ಮಾಸ್ತರರು ಕೆಮ್ಮಿದರು. ಗುರುಲಿಂಗನ ಕಿವಿ ಕೆಂಪಾಯಿತು. ನೆಲ ಬಾಯ್ಬಿಡಬಾರದೇ ಎನ್ನಿಸಿತು. ಯಾವ ನೆಪವೂ ಬಾಯಿಗೆ ಬರಲಿಲ್ಲ.

“ನಾನೇ ಹೊಡದೀನ್ರಿ,” ಎಂದ. “ಸರ್ ಬರದದ್ದು ಬ್ಯಾರೆ ಅದ.”

“ಉಳಿದವ್ರದು?”

“ಉಳಿದವ್ರದು ಇದ್ದಂಗ ಅದರಿ. ನಂದೊಂದೇ ತಿದ್ದೀನಿ.”

ಸ್ನೇಹಲ್ ಮಾಸ್ತರರ ಕೈಯಿಂದ ಪುಸ್ತಕ ತೆಗೆದುಕೊಂಡಳು. ಗಣಿತದವಳು, ಬಾಯಿಮಾತನ್ನು ನಂಬುವವಳಲ್ಲ. ಮಾಸ್ತರರ ಕಂಪ್ಯೂಟರಿನ ಮುಂದೆ ಕುಳಿತು, ಪುಸ್ತಕದ ಅಲ್ಲೊಂದು ಇಲ್ಲೊಂದು ಪುಟ ತೆಗೆದು, ಮಾಸ್ತರರು ತೋರಿಸಿಕೊಟ್ಟ ಹಾಗೆ ಮೌಸನ್ನು ಬಿಳಿಯ ಮೇಲೆ ಎಳೆದೆಳೆದು ಹೊಂದಿಸಿ ನೋಡಿದಳು. ಹೀಗೆ ಮೂವತ್ತು ಪುಟ ನೋಡಿದಳು. ಗುಲಾಬಿ ಎಸಳುಗಳು ಅಡ್ಡ ಬಂದಾಗ ಮಾತ್ರ ಸಣ್ಣಗೆ ಗೊಣಗಿದಳು. ಒಂದು ಕಡೆಯೂ ತಪ್ಪು ಸಿಗಲಿಲ್ಲ. ಗುರುಲಿಂಗನ ಸ್ವಂತ ಸೋದರಮಾವನ ಮಗನ ಬಗ್ಗೆ ಬರೆದಿದ್ದ ಖಾರವಾದ ಮಾತನ್ನು ಸಹ ಅವನು ಇದ್ದಂತೆಯೇ ಹಾಕಿದ್ದ. ಗುರುಲಿಂಗ ಅಷ್ಟು ಹೊತ್ತೂ ಗೋಡೆಗೆ ಆತು ನಿಂತಿದ್ದ. ಕೂತುಕೋ ಎಂದು ಯಾರೂ ಅವನಿಗೆ ಹೇಳಲಿಲ್ಲ.

ಕೊನೆಗೆ ಆಕೆ ಇನ್ನೂರಾ ಆರನೆಯ ಹೆಸರಿಗೆ ಬಂದಳು. ಮಾಸ್ತರರ ನಿಜವಾದ ಷರಾ ಓದಿದಳು. ಮತ್ತೊಮ್ಮೆ ಓದಿ, ಹಾಳೆಯಲ್ಲಿದ್ದುದರ ಜೊತೆಗೆ ಹೋಲಿಸಿದಳು. ಗುರುಲಿಂಗ ಕಣ್ಣು ಮುಚ್ಚಿಕೊಂಡ.

“ಸರ್, ಇಲ್ಲಿ ಜರಾ ಜಾಗ ಅದ. ನಾ ಬರೀಲೇನ್ರಿ?”

ಇಷ್ಟೆಲ್ಲ ವರ್ಷಗಳಲ್ಲಿ ಆ ಅಂಕಣದಲ್ಲಿ ಮತ್ತೊಬ್ಬರ ಅಕ್ಷರ ಬಿದ್ದಿರಲಿಲ್ಲ. ಮಾಸ್ತರರು ಅಂಗಿಯ ಕಿಸೆಯಿಂದ ಪೆನ್ನು ತೆಗೆದು, ಟೊಪ್ಪಿಗೆ ಬಿಚ್ಚಿ ಅವಳ ಕೈಗೆ ಕೊಟ್ಟರು. ಆಕೆ ಬರೆದಳು, ಊದಿ ಶಾಯಿ ಆರಿಸಿದಳು, ಪುಸ್ತಕವನ್ನು ಹಾಗೇ ತೆರೆದಿಟ್ಟು ಚಪ್ಪಲಿ ಮೆಟ್ಟಿಕೊಂಡು ಹೊರಟುಹೋದಳು. ಗುರುಲಿಂಗನ ಕಡೆ ನೋಡಲೂ ಇಲ್ಲ.

ಅವನಿಗೆ ಹತ್ತಿರ ಹೋಗುವ ಧೈರ್ಯವಾಗಲಿಲ್ಲ. “ಏನು ಬರದಾರ್ರಿ ಸರ್?” ಎಂದು ದೂರದಿಂದಲೇ ಕೇಳಿದ.

ಮಾಸ್ತರರು ಕನ್ನಡಕ ಏರಿಸಿಕೊಂಡು, ಪಾಠ ಓದುವ ಧ್ವನಿಯಲ್ಲಿ ಓದಿದರು: “‘ಸುಳ್ಳು ಹೇಳಲು ಬರುವುದಿಲ್ಲ. ನನಗೆ ಒಪ್ಪಿಗೆ.’”