ಅರವತ್ತರಲ್ಲಿ ಒಂದು ಪಾಲು

ಕೆಮ್ಮಿದಾಗ ಎಂಜಲು ಕೆಂಪಗಿತ್ತು. ಎಲೆ ಅಡಿಕೆ ಹಾಕಿದ್ದೆನಲ್ಲ, ಅದರದ್ದೇ ಇರಬೇಕೆಂದು ಬಾಯಿ ಒರೆಸಿಕೊಂಡು ಮತ್ತೆ ಹೊಲಿಗೆ ಮಷೀನಿಗೆ ಕೂತೆ. ಮರುದಿನ ಎಲೆ ಹಾಕಿರಲಿಲ್ಲ. ಆದರೂ ಕೆಂಪು. ಎಕ್ಸ್‌ರೇ ಆಯಿತು, ಕಫದ ಟೆಸ್ಟ್ ಆಯಿತು.

ಟಿಬಿ.

ಹುಮನಾಬಾದಿನ ನಮ್ಮ ಓಣಿಯಲ್ಲಿ ಸುದ್ದಿ ಹರಡಲು ಹೊತ್ತು ಹಿಡಿಯಲಿಲ್ಲ. ಹೊಲಿಯಲು ಬ್ಲೌಸ್ ಕೊಟ್ಟವರು ವಾಪಸ್ ಒಯ್ದರು. ಒಯ್ಯಲಿ, ಊರ ಮಂದಿ. ನಾನು ಕಾದದ್ದು ಬಸವಕಲ್ಯಾಣದಲ್ಲಿರುವ ನನ್ನ ತಂಗಿ ಶಾಂತಾಳಿಗೆ. ಅವಳಿಗೆ ಕಾಮಣಿಯಾಗಿ ಕಣ್ಣು ಮೈ ಹಳದಿಯಾದಾಗ ಆಸ್ಪತ್ರೆಯಲ್ಲಿ ಅವಳ ಮಂಚದ ಕೆಳಗೆ ಮಲಗಿದವಳು ನಾನು.

"ಗುಳಿಗಿ ಶುರು ಆಗಿ ಭಾಳ ದಿನ ಆತು, ಈಗ ಯಾರಿಗೂ ಹತ್ತೂದಿಲ್ಲಂತ ಡಾಕ್ಟರ್ ಹೇಳ್ಯಾರ. ಒಮ್ಮೆ ಬಾ ಶಾಂತಾ," ಎಂದು ಫೋನಿನಲ್ಲಿ ಬೇಡಿಕೊಂಡೆ.

"ಬರ್ತೀನಕ್ಕ, ಹೊಲದ ಕೆಲಸ ಮುಗೀಲಿ."

ಓಣಿಯಿಂದ ಬಂದವಳು ಮಾರ್ಥಾ ಒಬ್ಬಳೇ. ಇಸ್ರೇಲಿನಲ್ಲಿ ಒಬ್ಬ ಮುದುಕಿಯ ಆರೈಕೆಗಿದ್ದು ಮರಳಿದವಳು. ಕುರ್ಚಿ ತೋರಿಸಿದರೂ ನನ್ನ ಚಾಪೆಯ ಪಕ್ಕ ನೆಲಕ್ಕೇ ಕೂತಳು.

"ಜಡ್ಡಾದವರಕ್ಕಿಂತ ಮ್ಯಾಲ ಕೂಡಬಾರದಂತರಿ. ಅಲ್ಲಿ ಯಹೂದಿ ಮಂದಿ ಅಂತಾರ, ನೋಡಾಕ ಬಂದವರು ಜಡ್ಡಿನಾಗ ಅರವತ್ತರಾಗ ಒಂದು ಪಾಲು ಒಯ್ತಾರಂತ."

"ಹಂಗಾದ್ರ ಅರವತ್ತು ಮಂದೀನ ಕರಿ ನಮ್ಮವ್ವ, ಇವತ್ತೇ ಎದ್ದು ಕೂಡ್ತೀನಿ!"

ನಕ್ಕಳು. "ಹಂಗಲ್ರಿ ಅಕ್ಕೋರ. ಪ್ರತಿಯೊಬ್ಬರೂ ಒಯ್ಯೂದು ಉಳಿದದ್ದರಾಗಿನ ಪಾಲು, ಹಂಗಾಗಿ ಪೂರಾ ಮುಗಿಯೂದಿಲ್ಲ. ಅದೂ ನಿಮ್ಮನ್ನ ತಮ್ಮ ಜೀವದಂಗ ನೋಡೋರು ಬಂದ್ರ ಮಾತ್ರ."

ಮತ್ತೆ ಶಾಂತಾಳೇ ನೆನಪಾದಳು.

ಕೆಲವು ದಿನಗಳ ಮೇಲೆ ಮಾರ್ಥಾ ಕೇಳಿದಳು, "ಶಾಂತಕ್ಕ ಬಂದಿದ್ರೇನ್ರಿ? ನಿನ್ನೆ ಇಲ್ಲೇ ಪ್ಯಾಟ್ಯಾಗ, ಸೀರಿ ಅಂಗಡ್ಯಾಗ ಕಂಡ್ರು."

ಬಂದಿರಲಿಲ್ಲ.

ಎಲಾ ಇವಳ! ಬಸವಕಲ್ಯಾಣದಿಂದ ಹುಮನಾಬಾದಿಗೆ ಬಂದು, ಸೀರೆ ಆರಿಸಿ, ನಮ್ಮ ಓಣಿ ದಾಟಿಕೊಂಡೇ ಬಸ್ಸು ಹತ್ತಿದ್ದಳು. ಅಂದು ನಾನು ಗುಳಿಗೆ ಮುಟ್ಟಲಿಲ್ಲ. ಒಡಹುಟ್ಟಿದವಳಿಗೇ ಬೇಡವಾದ ಮೇಲೆ ಬದುಕಿ ಏನು ಮಾಡಬೇಕು ಎನ್ನಿಸಿತು. ಮಾರ್ಥಾ ಬೈದಳು, ನೀರಿನ ಲೋಟ ಹಿಡಿದು, ನಾನು ಗುಳಿಗೆ ನುಂಗುವವರೆಗೆ ಏಳಲಿಲ್ಲ. ಕೋರ್ಸ್ ಮುಗಿಯುವವರೆಗೂ ದಿನಾ ಬಂದು ಹಾಗೆಯೇ ನೆಲಕ್ಕೆ ಕೂತಳು.

ಕೊನೆಯ ಟೆಸ್ಟ್ ನೆಗೆಟಿವ್ ಬಂತು. ಸುದ್ದಿ ಕಲ್ಯಾಣಕ್ಕೂ ಮುಟ್ಟಿತು.

"ಅಕ್ಕ, ನಾಳೆ ನಿನ್ನ ನೋಡಾಕ ಬರ್ತೀನಿ," ಎಂದು ಫೋನು ಮಾಡಿದಳು ಶಾಂತಾ.

ಸಿಟ್ಟು ಇನ್ನೂ ಇತ್ತು. ಬರಬೇಡ ಎನ್ನಲು ಮಾತ್ರ ಮನಸ್ಸಾಗಲಿಲ್ಲ.

"ಒಯ್ಯಾಕ ಜಡ್ಡೇನೂ ಉಳಿದಿಲ್ಲವ್ವ, ಮಾರ್ಥಾ ಒಬ್ಬಾಕೀನೇ ಒಯ್ದಾಳ. ಚಾ ಕುಡ್ಯಾಕ ಬೇಕಾದ್ರ ಬಾ."